ಭತ್ತದ ಗದ್ದೆ ನಡುವಿನ ರೆಸಾರ್ಟ್: ಡಿಸೆಂಬರ್‌ನಲ್ಲಿ ಹೋದರೆ ಹಸಿರು ಇರುತ್ತದೆಯೇ?

ಅತ್ತಿಗುಪ್ಪೆಯವಳು (2025ರ ಸೆಪ್ಟೆಂಬರ್ 24)
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಈ ವರ್ಷ ಎಪ್ಪತ್ತು. ಭೀಮರಥ ಶಾಂತಿ, ಛತ್ರ, ಹೋಳಿಗೆ ಊಟ ಯಾವುದೂ ಬೇಡ ಎಂದು ಮೊದಲೇ ಹೇಳಿಬಿಟ್ಟಿದ್ದಾರೆ. ಅದಕ್ಕೇ ಅವರಿಗೆ ಹೇಳದೆ ಮಂಡ್ಯದ ಕಡೆ ಗದ್ದೆಗಳ ನಡುವೆ ಇರುವ ಒಂದು ಐಷಾರಾಮಿ ರೆಸಾರ್ಟ್ ನೋಡಿಟ್ಟಿದ್ದೇನೆ. ಡಿಸೆಂಬರ್ ಮೂರನೇ ವಾರ ಎರಡು ರಾತ್ರಿ, ಎರಡು ಕೋಣೆ. ಒಂದು ಕೋಣೆಗೆ ರಾತ್ರಿಗೆ 19,500 ರೂಪಾಯಿ. ಚಿತ್ರಗಳಲ್ಲಿ ಮಂಚದ ಮೇಲಿಂದ ಕೈ ಚಾಚಿದರೆ ಪೈರು ಸಿಗುವ ಹಾಗಿದೆ. ನಮ್ಮ ಯಜಮಾನರಿಗೆ ಮಾತ್ರ ಅನುಮಾನ: "ಹಸಿರು ವರ್ಷವಿಡೀ ಇರುತ್ತದೆಯೇ? ಹೋದಾಗ ಬರೀ ಮಣ್ಣು ಕಂಡರೆ?"

ಅಪ್ಪನನ್ನೇ ಕೇಳುವಂತಿಲ್ಲ, ಗುಟ್ಟು ರಟ್ಟಾಗುತ್ತದೆ. ಅವರು ಹೊಸನಗರದ ಕಡೆಯವರು. ಊರಿನ ಗದ್ದೆಯನ್ನು ಚಿಕ್ಕಪ್ಪ ಅಡಿಕೆ ತೋಟ ಮಾಡಿ ಹದಿನೈದು ವರ್ಷವಾಯಿತು. ಮಗಳಿಗೆ ಐದು ವರ್ಷ, ಅಕ್ಕಿ ಅಂಗಡಿಯಲ್ಲಿ ಬೆಳೆಯುತ್ತದೆ ಎಂದೇ ಅವಳ ನಂಬಿಕೆ. ತಿಳಿದವರು ಹೇಳಿ.

ನಾಲೆ_ಏರಿ
ಡಿಸೆಂಬರ್ ಮೂರನೇ ವಾರವೇ? ಯಜಮಾನರ ಮಾತು ಕೇಳಿ ಮೇಡಂ. ಆಗ ನಮ್ಮಲ್ಲಿ ಹಸಿರಲ್ಲ, ಕೂಳೆ, ಅಂದರೆ ಕೊಯ್ದ ಪೈರಿನ ಮೋಟು ಬುಡ. ಕಟಾವು ಯಂತ್ರ ಓಡಾಡಿದ ಚಕ್ರದ ಗುರುತು, ಹುಲ್ಲಿನ ಮೆದೆ, ದೂಳು.

ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಲೆಕ್ಕ ಹೀಗೆ. ಕನ್ನಂಬಾಡಿ ಕಟ್ಟೆ ತುಂಬಿ ನಾಲೆಗೆ ನೀರು ಬಿಟ್ಟ ಮೇಲೆ ಒಟ್ಲು (ಸಸಿ ಮಡಿ) ಬಿಡುತ್ತೇವೆ. ನಾಟಿ ಜುಲೈ ಕೊನೆಯಿಂದ ಆಗಸ್ಟ್. ನೀವು ಚಿತ್ರದಲ್ಲಿ ನೋಡಿದ ಕಡು ಹಸಿರು ಸೆಪ್ಟೆಂಬರ್, ಅಕ್ಟೋಬರ್‌ನದು. ನವೆಂಬರ್‌ನಲ್ಲಿ ತೆನೆ ಬಾಗಿ ಹೊನ್ನಿನ ಬಣ್ಣ. ನವೆಂಬರ್ ಕೊನೆಯಿಂದ ಕಟಾವು. ನೀರು ಸಿಕ್ಕರೆ ಬೇಸಿಗೆ ಬೆಳೆ ಮತ್ತೆ ಜನವರಿಯಲ್ಲಿ ಶುರು. ಅದೂ ಖಾತ್ರಿಯಲ್ಲ. 2023ರಲ್ಲಿ ಮಳೆ ಕೈಕೊಟ್ಟಾಗ ಮರುವರ್ಷದ ಬೇಸಿಗೆಯಲ್ಲಿ ನಾಲೆ ಒಣಗಿ ಕ್ರಿಕೆಟ್ ಆಡುವ ಹಾಗಿತ್ತು. ಈ ವರ್ಷ ಜೂನ್ ತಿಂಗಳಲ್ಲೇ ಕಟ್ಟೆ ಪೂರ್ತಿ 124.80 ಅಡಿ ತುಂಬಿದೆ, ಆ ಚಿಂತೆ ಇಲ್ಲ.

ಅಪ್ಪ ಗದ್ದೆಯವರು ಎಂದಿರಲ್ಲ, ನವೆಂಬರ್ ಮೊದಲ ಎರಡು ವಾರದಲ್ಲಿ ಕರೆದುಕೊಂಡು ಬನ್ನಿ. ಹಸಿರನ್ನು ನೋಡಲು ಪೇಟೆಯವರು ಬರುತ್ತಾರೆ. ಬೆಳೆದವನಿಗೆ ಬೇಕಾದ್ದು ತೆನೆ.

ಕೆಂಗೇರಿ_ಸುಂಕ
19,500 ರೂಪಾಯಿ ಕೊಟ್ಟು ಗದ್ದೆ ನೋಡುವುದೇ? ನಮ್ಮ ಮಾವನ ಮನೆಗೆ ಬನ್ನಿ, ಬಿಟ್ಟಿ ತೋರಿಸುತ್ತಾರೆ. ಜೊತೆಗೆ ಕಳೆ ಕೀಳುವ ಕೆಲಸವನ್ನೂ ಹಚ್ಚುತ್ತಾರೆ.

ಲೆಕ್ಕದ_ಮನುಷ್ಯ
ತೆರಿಗೆ ಸೇರಿಸಿದ್ದೀರಾ? ಎರಡು ಕೋಣೆ, ಎರಡು ರಾತ್ರಿ, 78,000. ಅದರ ಮೇಲೆ ಜಿಎಸ್‌ಟಿ 18 ಪ್ರತಿಶತ, 14,040. ಒಟ್ಟು 92,040.

ಮೂರನೇ_ತಿರುವು
@ಲೆಕ್ಕದ_ಮನುಷ್ಯ ಮೊನ್ನೆ 22ರಿಂದ ಹೋಟೆಲ್ ಕೋಣೆಗೆ 5 ಪ್ರತಿಶತ ಆಗಿದೆ. ಪತ್ರಿಕೆ ಓದುವುದಿಲ್ಲವೇ?

ಲೆಕ್ಕದ_ಮನುಷ್ಯ
ಪೂರ್ತಿ ಓದಿದ್ದರೆ ಈ ಪ್ರಶ್ನೆ ಬರುತ್ತಿರಲಿಲ್ಲ. 5 ಪ್ರತಿಶತ ಇರುವುದು ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ. ಅದನ್ನು ದಾಟಿದರೆ ಹಳೆಯ 18 ಹಾಗೆಯೇ ಇದೆ. 19,500ರ ಕೋಣೆಯಲ್ಲಿ ಮಲಗುವವರಿಗೆ ಸರ್ಕಾರ ಕರುಣೆ ತೋರಿಸಿಲ್ಲ.

ಮೂರನೇ_ತಿರುವು
ಸರಿ, ಒಪ್ಪಿದೆ. ನಾನು ತಲೆಬರಹ ಮಾತ್ರ ಓದಿದ್ದೆ.

ಹೆಗಲಚೀಲ
ತೊಂಬತ್ತೆರಡು ಸಾವಿರಕ್ಕೆ ಮಂಡ್ಯವೇ? ಬಾಲಿಗೆ ಹೋಗಿ. ಬೆಂಗಳೂರಿನಿಂದ ಡೆನ್‌ಪಸಾರ್‌ಗೆ ನೇರ ವಿಮಾನವಿದೆ. ಉಬುದ್ ಸುತ್ತ ಮೆಟ್ಟಿಲು ಗದ್ದೆಗಳ ನಡುವೆ ಇದರ ಅರ್ಧ ಬೆಲೆಗೆ ಈಜುಕೊಳವಿರುವ ಮನೆ ಸಿಗುತ್ತದೆ. ಒಂದು ಗದ್ದೆ ಕೊಯ್ದಿದ್ದರೆ ಪಕ್ಕದ್ದು ನಾಟಿಯಾಗಿರುತ್ತದೆ, ಹಾಗಾಗಿ ಎಲ್ಲೋ ಒಂದು ಕಡೆ ಹಸಿರು ಇದ್ದೇ ಇರುತ್ತದೆ. ಅಲ್ಲಿನ ನೀರಿನ ಹಂಚಿಕೆಗೆ ಸುಬಕ್ ಎನ್ನುತ್ತಾರೆ, ನೀರಿನ ದೇವಸ್ಥಾನಗಳ ಸುತ್ತ ರೈತರೇ ಕೂತು ಯಾರಿಗೆ ಯಾವಾಗ ನೀರು ಎಂದು ತೀರ್ಮಾನಿಸುತ್ತಾರೆ. 2012ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಜತಿಲುವಿಹ್ ಎಂಬಲ್ಲಿ ನಿಂತು ನಾನು ಅರ್ಧ ಗಂಟೆ ಮಾತೇ ಆಡಲಿಲ್ಲ.

ಕೆಂಗೇರಿ_ಸುಂಕ
ಅರ್ಧ ಗಂಟೆ ನೀವು ಮಾತಾಡಲಿಲ್ಲವೇ? ಹಾಗಾದರೆ ಜಾಗ ಚೆನ್ನಾಗಿಯೇ ಇರಬೇಕು.

ಅತ್ತಿಗುಪ್ಪೆಯವಳು
@ಹೆಗಲಚೀಲ ಅಪ್ಪನ ಬಳಿ ಪಾಸ್‌ಪೋರ್ಟ್ ಇಲ್ಲ. ಮಾಡಿಸೋಣ ಎಂದರೆ "ಯಾವ ದೇಶದವರು ನನ್ನನ್ನು ಕರೆದಿದ್ದಾರೆ" ಎನ್ನುತ್ತಾರೆ.

ಲೆಕ್ಕದ_ಮನುಷ್ಯ
ಬಾಲಿಯ ಲೆಕ್ಕವನ್ನೂ ಪೂರ್ತಿ ಕೊಡಿ ಸ್ವಾಮಿ. ನಾಲ್ವರ ವಿಮಾನ ಟಿಕೆಟ್ ಯಾರು ಕೊಡುತ್ತಾರೆ? ಇಳಿದ ಮೇಲೆ ತಲೆಗೆ 5 ಲಕ್ಷ ರುಪಿಯ (ಇಂಡೊನೇಷ್ಯಾದ ಹಣ) ವೀಸಾ. 2024ರ ಫೆಬ್ರವರಿಯಿಂದ ಪ್ರವಾಸಿ ಶುಲ್ಕ ಬೇರೆ, ತಲೆಗೆ ಒಂದೂವರೆ ಲಕ್ಷ ರುಪಿಯ. ಅವರ ರುಪಿಯ ಕೇಳಿ ಹೆದರಬೇಡಿ, ಆದರೂ ಅರ್ಧ ಬೆಲೆ ಎನ್ನುವ ಮಾತು ಅಲ್ಲೇ ಮುಗಿಯಿತು.

ಅಡಿಕೆಸಿಪ್ಪೆ
ಬಾಲಿಯ ರೈತರ ಗದ್ದೆಗಳೂ ವಿಲ್ಲಾಗಳಾಗುತ್ತಿವೆ, ಅಲ್ಲಿ ಸ್ವರ್ಗವೇನೂ ಇಳಿದಿಲ್ಲ.

ನಾನು ಬರೆಯಲು ಕೂತದ್ದು ಬೇರೆ ಕಾರಣಕ್ಕೆ. "ಊರಿನ ಗದ್ದೆಯನ್ನು ಚಿಕ್ಕಪ್ಪ ಅಡಿಕೆ ತೋಟ ಮಾಡಿ" ಎಂಬ ಸಾಲು ನಮ್ಮ ಮನೆಯದೂ ಹೌದು. ತೀರ್ಥಹಳ್ಳಿ ಹತ್ತಿರ ನಮ್ಮದು ಎರಡೂವರೆ ಎಕರೆ ಮಕ್ಕಿ ಗದ್ದೆ, ಮಳೆ ನೀರನ್ನೇ ನಂಬಿದ್ದು. ಅಗೆ (ಭತ್ತದ ಸಸಿ) ಕೀಳಲು ಆಳಿಲ್ಲ, ಹೂಟಿಗೆ ಎತ್ತಿಲ್ಲ, ತೆನೆ ಬಂದರೆ ಕಾಡುಹಂದಿ, ಎಲ್ಲ ದಾಟಿ ಬಂದ ಭತ್ತಕ್ಕೆ ಬೆಲೆಯಿಲ್ಲ. ಪಕ್ಕದವರು ಕಾಲುವೆ ತೋಡಿ ಅಡಿಕೆ ಸಸಿ ಇಟ್ಟರು, ನಾವೂ ಇಟ್ಟೆವು. ಈಗ ನಾವು ಮಲೆನಾಡಿನವರೇ ಅಂಗಡಿಯಿಂದ ಅಕ್ಕಿ ತಂದು ಉಣ್ಣುತ್ತೇವೆ. ಹಾಗಾಗಿ ಚಿಕ್ಕಪ್ಪನ ಮೇಲೆ ಸಿಟ್ಟು ಬೇಡ ಮೇಡಂ, ಅವರ ಲೆಕ್ಕ ಅವರಿಗಿತ್ತು. ಆದರೆ ನಿಮ್ಮ ಅಪ್ಪ ರೆಸಾರ್ಟ್‌ನಲ್ಲಿ ಎರಡು ದಿನ ಸುಮ್ಮನಿದ್ದರೆ "ಇಷ್ಟವಾಗಲಿಲ್ಲವೇ" ಎಂದು ಪದೇ ಪದೇ ಕೇಳಬೇಡಿ. ಅಷ್ಟೇ.

ಕಪ್ಪೆರಾಯ
ನನ್ನ ಅನುಭವ ಹೇಳಿಬಿಡುತ್ತೇನೆ. ಕಳೆದ ವರ್ಷ ಇಂಥದೇ ಒಂದು ಕಡೆ (ಹೆಸರು ಬೇಡ) ಕಚೇರಿಯವರು ಕರೆದುಕೊಂಡು ಹೋಗಿದ್ದರು. ಆಗಸ್ಟ್ ತಿಂಗಳು, ಆಗಷ್ಟೇ ನಾಟಿಯಾಗಿ ಗದ್ದೆ ತುಂಬ ನೀರು. ರಾತ್ರಿ ಎಂಟಾದದ್ದೇ ಕಪ್ಪೆಗಳು ಶುರು ಮಾಡಿದವು. ಒಂದಲ್ಲ, ಎರಡಲ್ಲ, ವಿಧಾನಸಭೆಯ ಕಲಾಪ ಇದ್ದ ಹಾಗೆ. ಹನ್ನೊಂದಕ್ಕೆ ನಮ್ಮ ಮೇಲಧಿಕಾರಿ ಸ್ವಾಗತ ಕಚೇರಿಗೆ ಕರೆ ಮಾಡಿ "ಆ ಶಬ್ದವನ್ನು ನಿಲ್ಲಿಸಿ" ಎಂದರು. ಆ ಹುಡುಗ ತುಂಬ ವಿನಯದಿಂದ "ಪ್ರಯತ್ನಿಸುತ್ತೇನೆ ಸರ್" ಎಂದನಂತೆ. ಬೆಳಿಗ್ಗೆ ಬಂದು "ಮೂರು ಗಂಟೆಗೆ ನಿಂತಿತು, ಧನ್ಯವಾದ" ಎಂದು ಮೇಲಧಿಕಾರಿಯೇ ಅವನಿಗೆ ಇನಾಮು ಕೊಟ್ಟರು.

ಬಸವನಗುಡಿ_ಅಜ್ಜಿ
ಸೊಳ್ಳೆಯ ವಿಷಯ ಯಾರೂ ಹೇಳಲಿಲ್ಲವಲ್ಲ. ಐದು ವರ್ಷದ ಮಗುವನ್ನು ಗದ್ದೆ ಮಗ್ಗುಲಲ್ಲಿ ಮಲಗಿಸುತ್ತೀರಿ. ಮಂಡ್ಯ ಕಡೆ ಮಿದುಳು ಜ್ವರ ಇತ್ತು, ನಮಗೆ ನೆನಪಿದೆ. ಹೋಗಲೇಬೇಡಿ.

ಹಳೇ_ಕೃಷಿಪದವಿ
ಅಜ್ಜಿಯವರು ಹೇಳಿದ್ದು ಸುಳ್ಳಲ್ಲ, ಆದರೆ "ಹೋಗಲೇಬೇಡಿ" ಎನ್ನುವಷ್ಟೂ ಅಲ್ಲ. ಜಪಾನೀಸ್ ಮಿದುಳು ಜ್ವರವನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆ ನಿಂತ ನೀರಿನ ಗದ್ದೆಯಲ್ಲೇ ಮೊಟ್ಟೆಯಿಡುತ್ತದೆ. ಅದಕ್ಕೆಂದೇ ರೋಗ ಕಂಡುಬಂದ ಜಿಲ್ಲೆಗಳಲ್ಲಿ ಮಕ್ಕಳಿಗೆ ಎರಡು ಬಾರಿ ಲಸಿಕೆ ಹಾಕುತ್ತಾರೆ. ನಿಮ್ಮ ಮಕ್ಕಳ ವೈದ್ಯರನ್ನು ಒಂದು ಮಾತು ಕೇಳಿ. ಈ ಸೊಳ್ಳೆ ಕಚ್ಚುವುದು ಹೆಚ್ಚಾಗಿ ಸಂಜೆಯ ನಂತರ. ಆಗ ತುಂಬು ತೋಳಿನ ಬಟ್ಟೆ, ಮಲಗುವಾಗ ಪರದೆ. ಇನ್ನೊಂದು ಮಾತು: ಕೊಯ್ಲಿಗೆ ಮುಂಚೆ ಗದ್ದೆಯ ನೀರು ಬಸಿಯುತ್ತಾರೆ, ಹಾಗಾಗಿ ನವೆಂಬರ್‌ನಲ್ಲಿ ಕಪ್ಪೆಯೂ ಸೊಳ್ಳೆಯೂ ಕಡಿಮೆ.

ಹಾವಿಗೆ ಮಾತ್ರ ಎಚ್ಚರ. ತೆನೆ ಬಂದಾಗ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ಕೇರೆಹಾವಾದರೆ ನಮ್ಮ ನೆಂಟ. ವಿಷದ ಕೊಳಕುಮಂಡಲವೂ ಅದೇ ಬದುವಿನಲ್ಲಿ ಇರುತ್ತದೆ. ಕತ್ತಲಾದ ಮೇಲೆ ಬದುವಿನ ಮೇಲೆ ನಡೆಯುವುದಾದರೆ ಬೂಟು, ಬ್ಯಾಟರಿ ದೀಪ ಕಡ್ಡಾಯ.

ಕೆಂಗೇರಿ_ಸುಂಕ
ಒಂದು ಪ್ರವಾಸಕ್ಕೆ ಲಸಿಕೆ, ಪರದೆ, ಬೂಟು, ದೀಪ. ನಮ್ಮ ಮಾವ ಇವೆಲ್ಲ ಇಲ್ಲದೆ ಅರವತ್ತು ವರ್ಷ ಹೇಗೆ ಬದುಕಿದರೋ.

ಹಳೇ_ಕೃಷಿಪದವಿ
ಬದುಕಿದವರು ಮಾತ್ರ ಮಾವಂದಿರಾಗುತ್ತಾರೆ ಸರ್.

ನಿಯಮಾವಳಿ
ಯಾರಿಗೂ ಕಾಣದ ಪ್ರಶ್ನೆ ನನ್ನದು. ನೀರಾವರಿ ಗದ್ದೆಯ ನಡುವೆ ರೆಸಾರ್ಟ್ ಕಟ್ಟಲು ಹೇಗೆ ಬಿಡುತ್ತಾರೆ? ಕೃಷಿ ಜಮೀನನ್ನು ಬೇರೆ ಕೆಲಸಕ್ಕೆ ಬಳಸಬೇಕಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಪರಿವರ್ತನೆ ಆಗಬೇಕು. ಮೊದಲು ಕೃಷಿಕರಲ್ಲದವರು ಜಮೀನು ಕೊಳ್ಳುವುದೇ ಕಷ್ಟವಿತ್ತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ಬಾಗಿಲು ತೆರೆಯಿತು. ಕೇರಳದವರು 2008ರಲ್ಲೇ ಭತ್ತದ ಗದ್ದೆ ಉಳಿಸಲೆಂದು ಪ್ರತ್ಯೇಕ ಕಾನೂನು ಮಾಡಿದರು. ನಾವು ಗದ್ದೆಯನ್ನು ಕೊಂದು ಅದರ ಚಿತ್ರಕ್ಕೆ ಕಟ್ಟು ಹಾಕುತ್ತೇವೆ.

ನಾಲೆ_ಏರಿ
ಚಂದದ ಮಾತು. ಆದರೆ ಎಕರೆ ಭತ್ತ ಬೆಳೆದು ಕೈಗೆ ಎಷ್ಟು ಉಳಿಯುತ್ತದೆ ಎಂದು ಒಮ್ಮೆ ಕೇಳಿ, ಆಮೇಲೆ ಕಾನೂನು ಮಾತಾಡೋಣ. ನಮ್ಮೂರಿನ ಆರು ಹುಡುಗಿಯರು ಅಂಥದೊಂದು ರೆಸಾರ್ಟ್‌ಗೆ ಕೆಲಸಕ್ಕೆ ಹೋಗುತ್ತಾರೆ. ತಿಂಗಳ ಮೊದಲ ವಾರ ಸಂಬಳ ಬರುತ್ತದೆ. ಗದ್ದೆಯಲ್ಲಿ ಯಾವ ತಿಂಗಳ ಮೊದಲ ವಾರ ಏನು ಬರುತ್ತದೆ?

ನಿಯಮಾವಳಿ
ಆ ಹುಡುಗಿಯರ ಅಪ್ಪಂದಿರು ಮೊದಲು ಆ ಗದ್ದೆಯ ಯಜಮಾನರಾಗಿದ್ದರೇ, ಅದನ್ನೂ ಹೇಳಿ.

ನಾಲೆ_ಏರಿ
ಇಬ್ಬರು ಆಗಿದ್ದರು. ಮಾರಿದ ಹಣದಲ್ಲಿ ಒಬ್ಬರು ಮನೆ ಕಟ್ಟಿದರು, ಒಬ್ಬರು ಕಾರು ಕೊಂಡರು. ಕಾರು ಈಗ ಇಲ್ಲ.

ಬೆಳ್ಳಕ್ಕಿ
ಜಗಳದ ನಡುವೆ ಒಂದು ಸಲಹೆ. ಡಿಸೆಂಬರ್ ದಿನಾಂಕವನ್ನೇ ಉಳಿಸಿಕೊಂಡರೆ ಗದ್ದೆ ಬಿಟ್ಟು ಹಕ್ಕಿ ನೋಡಿ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆಮರ, ಆಲದಮರಗಳ ಮೇಲೆ ಗೂಡು ಕಟ್ಟುತ್ತವೆ. ಊರವರು ಓಡಿಸುವುದಿಲ್ಲ. ಟಿಕೆಟ್ ಇಲ್ಲ, ಜಿಎಸ್‌ಟಿ ಇಲ್ಲ.

ಬುಲೆಟ್_ಮಾಮ
ನಾನು ಈ ಭಾನುವಾರ ಬೈಕಿನಲ್ಲಿ ಹೋಗಿ ಗದ್ದೆಗಳು ಹೇಗಿವೆ ಎಂದು ಚಿತ್ರ ತೆಗೆದು ಹಾಕುತ್ತೇನೆ. ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಒಂದೂವರೆ ಗಂಟೆ.

ಕೆಂಗೇರಿ_ಸುಂಕ
ಬೈಕಿಗೆ ಆ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್‌ನಿಂದ ಪ್ರವೇಶವಿಲ್ಲ ಮಾಮ. ಪಕ್ಕದ ಸೇವಾ ರಸ್ತೆಯಲ್ಲಿ ಬಿಡದಿ, ರಾಮನಗರ, ಚನ್ನಪಟ್ಟಣ ಎಂದು ಎಲ್ಲರ ಮುಖ ನೋಡಿಕೊಂಡು ಹೋಗಿ.

ಅತ್ತಿಗುಪ್ಪೆಯವಳು (ಸೆಪ್ಟೆಂಬರ್ 29)
ಎಲ್ಲರಿಗೂ ಧನ್ಯವಾದ. ನವೆಂಬರ್ ಎರಡನೇ ವಾರಕ್ಕೆ ಬದಲಾಯಿಸಿದೆ. ರೆಸಾರ್ಟ್‌ನವರನ್ನು "ಆಗ ಬೆಳೆ ಯಾವ ಹಂತದಲ್ಲಿರುತ್ತದೆ" ಎಂದು ಕೇಳಿದೆ. "ನಮ್ಮಲ್ಲಿ ಯಾವಾಗಲೂ ಸುಂದರವಾಗಿರುತ್ತದೆ ಮೇಡಂ" ಎಂದರು. ಹೋಗಿ ಬಂದು ಬರೆಯುತ್ತೇನೆ.

ಕೆಂಗೇರಿ_ಸುಂಕ
ಬರೆಯುವುದಿಲ್ಲ, ನೋಡುತ್ತಿರಿ. ಇಲ್ಲಿ ಯಾರೂ ಹೋಗಿ ಬಂದು ಬರೆದಿಲ್ಲ.

ಅತ್ತಿಗುಪ್ಪೆಯವಳು (ನವೆಂಬರ್ 17)
@ಕೆಂಗೇರಿ_ಸುಂಕ ಬರೆದಿದ್ದೇನೆ, ಓದಿ.

ಮೊದಲು ಜಾಗದ ಮಾತು. ಕೋಣೆ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಹಂಚಿನ ಮಾಡು, ಕೆಂಪು ನೆಲ, ಗಾಜಿನ ಗೋಡೆಯಾಚೆ ಗದ್ದೆ. ಸ್ನಾನದ ಮನೆ ನಮ್ಮ ಅತ್ತಿಗುಪ್ಪೆಯ ಹಜಾರಕ್ಕಿಂತ ದೊಡ್ಡದು. ಬೆಳಿಗ್ಗೆ ಮಂಜು ಎದ್ದಾಗ ಯಜಮಾನರೂ ಫೋನು ಕೆಳಗಿಟ್ಟರು. ಊಟಕ್ಕೆ ರಾಗಿಮುದ್ದೆ, ಬಸ್ಸಾರು ಇತ್ತು, ಮುದ್ದೆ ನಿಂಬೆಹಣ್ಣಿನ ಗಾತ್ರ. ಅಪ್ಪ ಅದನ್ನು ಉಪ್ಪಿನಕಾಯಿ ಎಂದುಕೊಂಡು ಪಕ್ಕಕ್ಕಿಟ್ಟಿದ್ದರು.

ಬಂದ ದಿನ ಸಂಜೆ ಅಪ್ಪ ಬಡಿಸುವ ಹುಡುಗನನ್ನು ಕೇಳಿದರು: "ಇದು ಯಾವ ಭತ್ತ?" ಅವನು ವ್ಯವಸ್ಥಾಪಕರನ್ನು ಕೇಳಿ ಬಂದು "ಸಾವಯವ ಸರ್" ಎಂದ.

ಮರುದಿನ "ಕೊಯ್ಲಿನ ಅನುಭವ" ಎಂಬ ಕಾರ್ಯಕ್ರಮ, ತಲೆಗೆ 1,200 ರೂಪಾಯಿ. ತಲೆಗೆ ಟವೆಲ್ ಸುತ್ತಿ, ಕೈಗೆ ಕುಡುಗೋಲು ಕೊಟ್ಟು, ಚಿತ್ರ ತೆಗೆದು ಕಳಿಸುತ್ತಾರೆ. ಮಗಳು ಕುಣಿಯುತ್ತಿದ್ದಳು, ಸೇರಿಸಿದೆವು. ಅಪ್ಪ ಒಂದು ತೆನೆ ಎಳೆದು ಕಾಳನ್ನು ಉಗುರಿನಲ್ಲಿ ಒತ್ತಿದರು. ಬಿಳಿ ಹಾಲು ಬಂತು. "ಇನ್ನೂ ಹಾಲುಗಾಳು. ಇದನ್ನು ಯಾಕೆ ಕೊಯ್ಯಿಸುತ್ತೀರಿ? ಇನ್ನು ಮೂರು ವಾರ ಬೇಕು" ಎಂದರು. ಆ ಹುಡುಗ ಪಾಪ, "ಅತಿಥಿಗಳು ಇವತ್ತು ಬಂದಿದ್ದಾರೆ ಸರ್" ಎಂದ. ಅಪ್ಪ ಕುಡುಗೋಲನ್ನು ಅವನ ಕೈಗೇ ಕೊಟ್ಟು ಹೊರಟರು. ಸಿಟ್ಟಾಗಿದ್ದನ್ನು ನಾನು ಎಷ್ಟೋ ವರ್ಷದ ಮೇಲೆ ನೋಡಿದೆ. ಕೊಯ್ದ ಪೈರು ಮಧ್ಯಾಹ್ನ ಸ್ವಾಗತ ಕಚೇರಿಯ ಹೂದಾನಿಯಲ್ಲಿತ್ತು.

ಆಮೇಲೆ ಎರಡು ಗಂಟೆ ಅವರು ಎಲ್ಲೂ ಇಲ್ಲ. ಹುಡುಕಿದರೆ ಕಾಂಪೌಂಡ್ ಆಚೆ, ಪಕ್ಕದ ಜಮೀನಿನವರ ಜೊತೆ ಬದುವಿನ ಮೇಲೆ ಕೂತಿದ್ದಾರೆ. ಪಂಚೆ ಮೇಲೆ ಕಟ್ಟಿದ್ದಾರೆ, ಕೈಯಲ್ಲಿ ಎಲೆ ಅಡಿಕೆ. ಅಪ್ಪ "ಅಂಚು" ಎನ್ನುವುದನ್ನು ಅವರು "ಬದು" ಎನ್ನುತ್ತಾರೆ, ಅಪ್ಪನ "ಅಗೆ" ಅವರ ಬಾಯಲ್ಲಿ "ಪೈರು". ಇಬ್ಬರೂ ಒಬ್ಬರನ್ನೊಬ್ಬರು ತಿದ್ದುತ್ತಾ ಕೂತಿದ್ದರು. ಅಷ್ಟರಲ್ಲಿ ರೆಸಾರ್ಟ್‌ನ ಇಬ್ಬರು ಅತಿಥಿಗಳು ಗೋಡೆಯ ಮೇಲಿಂದ ಇಬ್ಬರ ಚಿತ್ರವನ್ನೂ ತೆಗೆದು "ಎಷ್ಟು ಸಹಜವಾಗಿದ್ದಾರೆ ನೋಡು ಈ ರೈತರು" ಎಂದರು. ಆ "ರೈತರಲ್ಲಿ" ಒಬ್ಬರ ಕೋಣೆಯ ಬಾಡಿಗೆ ದಿನಕ್ಕೆ 19,500 ಎಂದು ಹೇಳಲು ಬಾಯಿ ತುದಿಗೆ ಬಂದಿತ್ತು.

ಇನ್ನೊಂದು ವಿಷಯ, ತಿಳಿದವರು ಹೇಳಿ. ಆ ಪಕ್ಕದವರ ಗದ್ದೆಯೆಲ್ಲ ಹಳದಿ ತಿರುಗಿತ್ತು. ರೆಸಾರ್ಟ್ ಗೋಡೆಯ ಉದ್ದಕ್ಕೂ ಮಾತ್ರ ಒಂದು ಪಟ್ಟಿ ಹಸಿರಾಗಿಯೇ ಇತ್ತು. "ದೀಪ ಹಾಕಿದಾಗಿನಿಂದ ಹೀಗೆ" ಎಂದು ಅವರು ಹೇಳಿದರು. ನಿಜವೇ?

ಹಳೇ_ಕೃಷಿಪದವಿ
ನಿಜ. ಭತ್ತ ಮೂಲತಃ ಕಿರುಹಗಲಿನ ಬೆಳೆ. ರಾತ್ರಿ ಸಾಕಷ್ಟು ಉದ್ದವಾಗಿದೆ ಎಂದು ಗಿಡಕ್ಕೆ ಗೊತ್ತಾದಾಗ ಅದು ಹೊಡೆ ಬಿಡುತ್ತದೆ, ಅಂದರೆ ತೆನೆಗೆ ತಯಾರಾಗುತ್ತದೆ. ಹೊಸ ತಳಿಗಳಲ್ಲಿ ಈ ಗುಣವನ್ನು ಬಹಳಷ್ಟು ತೆಗೆದಿದ್ದಾರೆ, ಹಳೆಯ ನಾಟಿ ತಳಿಗಳಲ್ಲಿ ಹಲವಕ್ಕೆ ಇನ್ನೂ ಇದೆ. ರಾತ್ರಿಯಿಡೀ ದೀಪ ಉರಿದರೆ ಅದಕ್ಕೆ ಕತ್ತಲೆ ಆದದ್ದೇ ತಿಳಿಯುವುದಿಲ್ಲ. ಬೀದಿದೀಪದ ಕೆಳಗಿನ ಗದ್ದೆಯಲ್ಲಿ ಇದೇ ತೊಂದರೆ. ಒಂದೇ ಗದ್ದೆಯಲ್ಲಿ ಅರ್ಧ ಮಾಗಿ ಅರ್ಧ ಮಾಗದಿದ್ದರೆ ಯಂತ್ರದವನನ್ನು ಎರಡು ಸಲ ಕರೆಸಬೇಕು. ಜೊತೆಗೆ ಕಾಂಡಕೊರಕದ ಚಿಟ್ಟೆ, ಕಂದು ಜಿಗಿಹುಳು ಎರಡೂ ಬೆಳಕಿಗೆ ಬರುತ್ತವೆ. ಅವನ್ನು ಹಿಡಿಯಲು ನಾವೇ ದೀಪದ ಬಲೆ ಇಡುತ್ತೇವೆ. ಇಲ್ಲಿ ದೀಪ ಇದೆ, ಬಲೆ ಇಲ್ಲ.

ನಿಯಮಾವಳಿ
ಪಕ್ಕದವರು ಗ್ರಾಮ ಪಂಚಾಯಿತಿಗೆ ಲಿಖಿತ ಅರ್ಜಿ ಕೊಡಲಿ, ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಲಿ.

ನಾಲೆ_ಏರಿ
ಅವರ ಮಗಳು ಅಲ್ಲೇ ಕೆಲಸಕ್ಕೆ ಹೋಗುತ್ತಿರಬಹುದು. ಅರ್ಜಿ ಅಷ್ಟು ಸುಲಭವಲ್ಲ.

ಅತ್ತಿಗುಪ್ಪೆಯವಳು
ಸೊಸೆ. ನಮ್ಮ ಕೋಣೆಯ ಹಾಸಿಗೆ ಬದಲಾಯಿಸಲು ಬಂದವರು ಅವರೇ ಎಂದು ಆಮೇಲೆ ಗೊತ್ತಾಯಿತು. ಅಪ್ಪ ಹೊರಡುವ ಮುನ್ನ ಸ್ವಾಗತ ಕಚೇರಿಯ ಅಭಿಪ್ರಾಯ ಪುಸ್ತಕದಲ್ಲಿ ಒಂದೇ ಸಾಲು ಬರೆದರು: "ರಾತ್ರಿ ಹತ್ತರ ಮೇಲೆ ಗೋಡೆಯ ದೀಪ ಆರಿಸಿ, ಭತ್ತ ಮಲಗಲಿ." ಯಾರು ಓದುತ್ತಾರೋ.

ಅಡಿಕೆಸಿಪ್ಪೆ
ಅಪ್ಪ ಊರಿನ ಗದ್ದೆಯ ಮಾತು ಎತ್ತಿದರೇ?

ಅತ್ತಿಗುಪ್ಪೆಯವಳು
ನಮ್ಮ ಹತ್ತಿರ ಇಲ್ಲ. ವಾಪಸು ಬರುವಾಗ ಕಾರಿನಲ್ಲಿ ಚಿಕ್ಕಪ್ಪನಿಗೆ ಕರೆ ಮಾಡಿ, ತೋಟದ ಕೆಳಗಿನ ಜೌಗು ಮೂಲೆಯಲ್ಲಿ ಅಡಿಕೆ ಹೇಗೂ ಬಂದಿಲ್ಲವಲ್ಲ, ಮುಂದಿನ ಮಳೆಗಾಲಕ್ಕೆ ಅಲ್ಲಿ ಹತ್ತು ಗುಂಟೆ ಅಗೆ ಹಾಕಿದರೆ ಏನಾಗುತ್ತದೆ ಎಂದು ಕೇಳುತ್ತಿದ್ದರು. ಚಿಕ್ಕಪ್ಪ ಏನೆಂದರೋ ಕೇಳಿಸಲಿಲ್ಲ, ಅಪ್ಪ ಮಾತ್ರ "ಹಂದಿಗೆ ನಾನು ಕಾವಲು ಕೂರುತ್ತೇನೆ" ಎಂದರು.

ಬಸವನಗುಡಿ_ಅಜ್ಜಿ
ಮಗುವಿಗೆ ಸೊಳ್ಳೆ ಕಚ್ಚಿತೇ?

ಅತ್ತಿಗುಪ್ಪೆಯವಳು
ಇಲ್ಲ ಅಜ್ಜಿ. ಪರದೆ ಕಟ್ಟಿದ್ದೆವು. ಯಜಮಾನರಿಗೆ ಕಚ್ಚಿದೆ.

ಲೆಕ್ಕದ_ಮನುಷ್ಯ
ಕೊನೆಗೆ ಒಟ್ಟು ಎಷ್ಟಾಯಿತು?

ಅತ್ತಿಗುಪ್ಪೆಯವಳು
ನೀವು ಹೇಳಿದ 92,040. ಅದರ ಮೇಲೆ ಕೊಯ್ಲು, ಊಟ, ರಸ್ತೆ ಸುಂಕ. ಪಕ್ಕದವರ ಮನೆಯಿಂದ ಹತ್ತು ಕಿಲೋ ರಾಜಮುಡಿ ಅಕ್ಕಿಯನ್ನೂ ಅಪ್ಪ ತಂದರು. ಅದಕ್ಕೆ ಎಷ್ಟು ಕೊಟ್ಟರು ಎಂದು ಹೇಳುತ್ತಿಲ್ಲ.

ಕೆಂಗೇರಿ_ಸುಂಕ
ಇಷ್ಟೆಲ್ಲ ಬರೆದಿರಿ, ಮದ್ದೂರು ವಡೆ ಎಲ್ಲಿ ತಿಂದಿರಿ ಎಂದು ಬರೆಯಲಿಲ್ಲ.

ಅತ್ತಿಗುಪ್ಪೆಯವಳು
ಬೈಪಾಸ್ ಹತ್ತಿಬಿಟ್ಟೆವು, ಊರು ಕೆಳಗೆ ಹೋಯಿತು. ಅಪ್ಪ ಅದಕ್ಕೂ ಬೈದರು.